ಬಜೆ ಬಳೆಯ ಅಳತೆ

ದಸರೆ ರಜೆಯ ಮೊದಲ ಸೋಮವಾರ ನನ್ನ ಡೈರಿಯಲ್ಲಿ ಹೀಗಿದೆ: "ತೆಂಗಿನ ಗರಿಯ ಉಂಗುರ ಆರು, ವಾಚು ಎರಡು. ಮಳೆ ಇಲ್ಲ." ಮರುದಿನದ್ದು: "ಹುಣಸೆ ಬೀಜದ ಸರ ಒಂದು, ಅರ್ಧಕ್ಕೆ ನಿಂತಿದೆ. ದಬ್ಬಣ ಮೊಂಡಾಗಿದೆ." ಹೈಸ್ಕೂಲಿನಿಂದಲೂ ಮಲಗುವ ಮುಂಚೆ ಮೂರು ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗೆ. ಆ ವರ್ಷದ ಜೂನ್ ತಿಂಗಳಲ್ಲಿ ಮಾತ್ರ ಕೆಲವು ಪುಟಗಳು ಖಾಲಿ ಇವೆ. ಆಮೇಲೆ ಮತ್ತೆ ಬರೆಯತೊಡಗಿದೆ. ಯಾವ ಮಾತ್ರೆ ಮುಗಿಯಿತು, ಎಷ್ಟು ಬಟ್ಟೆ ಒಗೆದೆ, ಹಾಲು ಹಾಕುವವನು ಬಂದನೋ ಇಲ್ಲವೋ, ಇಷ್ಟೇ.

ಜೂನ್‌ನಲ್ಲಿ ಆದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಮೊದಲ ಮಗು ಏಳು ತಿಂಗಳಿಗೇ ಹುಟ್ಟಿತು. ಹುಟ್ಟುವಾಗಲೇ ಉಸಿರಿರಲಿಲ್ಲ. ಗಂಡು ಮಗು. ಒಂದು ಸಲ ತೋರಿಸಿದರು. ಆಸ್ಪತ್ರೆಯಿಂದ ನೇರವಾಗಿ ಮಾದಿಹಳ್ಳಿಯ ತವರಿಗೆ ಕರೆತಂದರು. ಎರಡನೇ ದಿನ ಎದೆಯಲ್ಲಿ ಹಾಲು ಕಟ್ಟಿಕೊಂಡಿತು. ಅಮ್ಮ ಮಲ್ಲಿಗೆ ಹೂವನ್ನು ಹರವಿ, ಮೇಲೆ ಹಳೇ ಪಂಚೆ ಸುತ್ತಿ ಬಿಗಿಯಾಗಿ ಕಟ್ಟಿದರು. ಬೆಳಿಗ್ಗೆ ಬಿಚ್ಚಿದಾಗ ಹೂಗಳೆಲ್ಲ ಕಂದಿ ಮೈಗೆ ಅಂಟಿದ್ದವು. ಹೀಗೆ ಮಾಡಿದರೆ ಹಾಲು ಬತ್ತುತ್ತದೆ ಎಂದರು, ಬತ್ತಿತು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಊಟ ಆಯಿತಾ ಎಂದು ಅವರು ಕೇಳುತ್ತಿದ್ದರು, ಆಯಿತು ಎಂದು ನಾನು ಹೇಳುತ್ತಿದ್ದೆ. ಆ ಮಗುವಿನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನಗೂ ಅಳು ಬರುತ್ತಿರಲಿಲ್ಲ. ಕಾಲಿನ ಮೇಲೆ ಬಹಳ ಹೊತ್ತು ಕೂತು ಎದ್ದಾಗ ಕಾಲು ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಇಡೀ ಮೈ ಹಾಗಿತ್ತು.

ಅದೇ ಮನೆಯಲ್ಲಿ ಅಣ್ಣನ ಮಗಳೂ ಇದ್ದಳು. ಎರಡನೇ ಕ್ಲಾಸು. ಅವಳ ಅಮ್ಮ, ಎಂದರೆ ನನ್ನ ಅತ್ತಿಗೆ, ಎರಡನೇ ಹೆರಿಗೆಗೆ ಜಾವಗಲ್ಲಿನ ತವರಿಗೆ ಹೋಗಿದ್ದರು. ಶಾಲೆ ತಪ್ಪಬಾರದೆಂದು ಇವಳನ್ನು ನಮ್ಮ ಹತ್ತಿರ ಬಿಟ್ಟಿದ್ದರು. ರಜೆ ಶುರುವಾದ ಮೇಲೆ ಅವಳಿಗೆ ಹೊತ್ತು ಹೋಗದು. ನನ್ನ ಕೈಯೂ ಖಾಲಿ ಇತ್ತು. ಮೊದಲ ಉಂಗುರ ಮಾಡಿಕೊಟ್ಟದ್ದು ಅವಳು ಗಲಾಟೆ ಮಾಡದಿರಲಿ ಎಂದು, ಅಷ್ಟೇ. ಆಮೇಲೆ ಅದೇ ದಿನಚರಿಯಾಯಿತು. ಹುಣಸೆ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ದಬ್ಬಣದಿಂದ ತೂತು ಹೊಡೆಯುವುದು, ಬಾಳೆ ನಾರು ಸೀಳಿ ದಾರ ಮಾಡುವುದು, ಜೋಳದ ದಂಟಿನ ಬೆಂಡಿನಿಂದ ಜುಮುಕಿ ಕೊರೆಯುವುದು.

ಒಂದು ಸಂಜೆ ಕೆರೆಯ ಏರಿಯ ಹತ್ತಿರ ಹೋಗಿ ನೈದಿಲೆ ಕಿತ್ತುಕೊಂಡು ಬಂದೆವು. ಅದರ ಉದ್ದನೆಯ ದಂಟನ್ನು ಗೇಣು ಗೇಣಿಗೆ ಮುರಿಯದೆ ಬೆರಳಗಲಕ್ಕೊಂದು ಸಲ ಮುರಿಯಬೇಕು, ಆದರೆ ಒಂದು ಪಕ್ಕದ ಸಿಪ್ಪೆ ಹರಿಯಬಾರದು. ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುರಿಯುತ್ತ ಬಂದರೆ ದಂಟು ಎರಡೆಳೆಯ ಸರವಾಗುತ್ತದೆ, ಹೂವೇ ಪದಕ.

"ನಂದು ಪೂರ್ತಿ ಮುರ್ದೋಯ್ತತ್ತೆ."

"ಸಿಪ್ಪೆ ಬಿಟ್ಟು ಮುರಿ. ಅವಸರ ಮಾಡಬೇಡ."

ಸರ ಹಾಕಿಕೊಂಡು ಬೀದಿಗೆ ಇಳಿದವಳನ್ನು ಎದುರುಮನೆಯ ಹುಡುಗ ರೇಗಿಸಿದ. "ಮದುವೆ ಹೆಣ್ಣು ಬಂತು ಕಣ್ರೋ, ದಾರಿ ಬಿಡ್ರೋ."

"ನಿಂಗೂ ಒಂದು ಮೂಗುಬೊಟ್ಟು ಮಾಡ್ಕೊಡ್ತೀನಿ ಬಾರೋ," ಎಂದಳು ಇವಳು. "ಸಿಂಬಳ ಸುರಿಯೋದಾದ್ರೂ ನಿಲ್ಲುತ್ತೆ."

ಜಗುಲಿಯ ಮೇಲಿದ್ದ ಅಮ್ಮ ನಕ್ಕರು. ನಾನು ನಗಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಸರ ದೀಪ ಹಚ್ಚುವ ಹೊತ್ತಿಗೇ ಬಾಡಿತು. ಡೈರಿಯಲ್ಲಿ ಅದನ್ನು ಲೆಕ್ಕಕ್ಕೆ ಹಾಕಬೇಕೋ ಬೇಡವೋ ಎಂದು ಯೋಚಿಸಿ, ಹಾಕಿದೆ.

ಅಷ್ಟರಲ್ಲಿ ಅತ್ತಿಗೆಗೆ ಹೆರಿಗೆಯಾಗಿತ್ತು. ಗಂಡು ಮಗು. ಅಣ್ಣ ನೋಡಿಕೊಂಡು ಬಂದು, "ಮೂರೂವರೆ ಕೆಜಿ ಅವ್ನೆ, ಎತ್ಕೊಂಡ್ರೆ ಕೈ ಸೋಲ್ತದೆ," ಎಂದು ಹೇಳುತ್ತ ಹೇಳುತ್ತ ನನ್ನನ್ನು ಕಂಡು ಮಾತು ನಿಲ್ಲಿಸಿದ. ಪುರುಡು ಕಳೆಯುವ ತನಕ ನಾವು ಹೆಂಗಸರು ಹೋಗುವಂತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಹೋಗುವುದೆಂದಾಯಿತು.

ನಮ್ಮಲ್ಲಿ ಆ ದಿನ ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟುವುದು, ಕೈಗೆ ಬಜೆ ಬಳೆ ಕಟ್ಟುವುದು ಸೋದರತ್ತೆಯ ಕೆಲಸ. ಬಜೆ ಎಂದರೆ ಮಕ್ಕಳಿಗೆ ತೇಯ್ದು ನೆಕ್ಕಿಸುವ ಅದೇ ಘಾಟು ವಾಸನೆಯ ಬೇರು. ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಕರಿಮಣಿ ಸೇರಿಸಿ ಕಪ್ಪು ದಾರಕ್ಕೆ ಪೋಣಿಸಿದರೆ ಬಳೆ. ಮಗು ಕೈ ಬಾಯಿಗೆ ಹಾಕಿಕೊಂಡಾಗ ಬಜೆಯ ರಸ ಒಳಗೆ ಹೋಗಲಿ ಎಂದು. ಅಣ್ಣನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಅವನ ಮಗಳಿಗೆ ಕಟ್ಟಿದ್ದವಳೂ ನಾನೇ, ಆಗ ಪಿಯುಸಿ ಓದುತ್ತಿದ್ದೆ.

ಬುಧವಾರ ಅತ್ತಿಗೆಯ ತಾಯಿ ಜಾವಗಲ್ಲಿನಿಂದ ಫೋನ್ ಮಾಡಿದರು. ಅಮ್ಮ ಸೊಪ್ಪು ಬಿಡಿಸುತ್ತ ಫೋನನ್ನು ನೆಲದ ಮೇಲೆ ಇಟ್ಟು ಸ್ಪೀಕರ್ ಹಾಕಿದ್ದರು. ನಾನು ಪಕ್ಕದ ಕೋಣೆಯಲ್ಲಿದ್ದೆ.

"ನಿಮ್ ಹುಡುಗಿನೂ ಬತ್ತಾಳಾ?"

"ಬತ್ತಾಳೆ. ಯಾಕೆ ಬರಬಾರ್ದು?"

"ಬರ್ಲಿ ಕಣ್ರೀ, ಬ್ಯಾಡ ಅಂದೋರ್ಯಾರು. ಕಟ್ಟೋದು ಮಾತ್ರ ಹಾರನಹಳ್ಳಿಯವಳು ಕಟ್ಲಿ. ಅವಳೂ ಸೋದರತ್ತೆನೇ ಅಲ್ವಾ? ನಾನೇನೂ ಕೆಟ್ಟ ಮನಸ್ಸಿಂದ ಅಂತಿಲ್ಲ. ಎಳೇ ಕೂಸು. ನಾಳೆ ಸಣ್ಣ ಜ್ವರ ಬಂದ್ರೂ ನಿಮ್ ಹುಡುಗಿ ಮ್ಯಾಲೇ ಮಾತು ಬತ್ತದೆ."

ಹಾರನಹಳ್ಳಿಯವಳು ಎಂದರೆ ನಮ್ಮ ಚಿಕ್ಕಪ್ಪನ ಮಗಳು. ಎರಡು ಮಕ್ಕಳ ತಾಯಿ. ಅಮ್ಮ ಫೋನ್ ಇಟ್ಟು, ಬಿಡಿಸಿದ್ದ ಸೊಪ್ಪನ್ನೇ ಮತ್ತೆ ಬಿಡಿಸಿದರು. ಆಮೇಲೆ ಕೋಣೆಗೆ ಬಂದು, "ಕೇಳಿಸ್ತಾ?" ಎಂದರು.

"ಹೂಂ. ಅವಳೇ ಕಟ್ಟಲಿ ಬಿಡಮ್ಮ."

"ಇವತ್ತು ಬಿಟ್ರೆ ನಾಳೆ ಯಾವುದಕ್ಕೂ ಕರೆಯಲ್ಲ ಕಣೇ. ಕುಂಕುಮ ಕೊಡೋಕೂ ಹಿಂದೆಮುಂದೆ ನೋಡ್ತಾರೆ. ಒಂದ್ಸಲ ಹಿಂದಿನ ಸಾಲಲ್ಲಿ ಕೂತೋಳನ್ನ ಮುಂದಕ್ಕೆ ಯಾರೂ ಕರೆಯಲ್ಲ."

ಅಮ್ಮ ಹೇಳಿದ್ದು ನಿಜ ಎಂದು ನನಗೆ ಗೊತ್ತಿತ್ತು. ಅಂಥ ಹೆಂಗಸರನ್ನು ನಾನೇ ನೋಡಿದ್ದೆ. ನನಗೆ ಇಪ್ಪತ್ತನಾಲ್ಕು. ಗೊತ್ತಿದ್ದರೂ ಅದು ಬೇರೆ ಯಾರದ್ದೋ ವಿಷಯದ ಹಾಗೆ ಕೇಳುತ್ತಿತ್ತು. ಕೊನೆಗೆ ಅಮ್ಮನೇ ಒಂದು ದಾರಿ ಮಾಡಿದರು. ಕಟ್ಟುವವರು ಯಾರಾದರೂ ಆಗಲಿ, ಬಳೆ ನಮ್ಮ ಮನೆಯಿಂದಲೇ ಹೋಗಬೇಕು, ಮಾಡುವವಳು ನಾನು.

ಶುಕ್ರವಾರ ಸೊಸೆಯನ್ನು, ನಮ್ಮ ಕಡೆ ಅಣ್ಣನ ಮಗಳು ನನಗೆ ಸೊಸೆಯೇ, ಕರೆದುಕೊಂಡು ಬಸ್ಸಿನಲ್ಲಿ ಬೇಲೂರಿಗೆ ಹೋದೆ. ಗ್ರಂದಿಗೆ ಅಂಗಡಿಯಲ್ಲಿ ಬಜೆ, ಕರಿಮಣಿ, ದಾರ ತೆಗೆದುಕೊಂಡೆವು. ಬರುವಾಗ ದಾರಿಯುದ್ದಕ್ಕೂ ಅವಳು ಬಜೆಯ ಪೊಟ್ಟಣ ಮೂಸುತ್ತ, ಮುಖ ಕಿವುಚುತ್ತ, ಮತ್ತೆ ಮೂಸುತ್ತ ಕೂತಿದ್ದಳು.

ಒಣಗಿದ ಬಜೆಗೆ ದಬ್ಬಣ ಇಳಿಯುವುದಿಲ್ಲ. ಸೂಜಿಯನ್ನು ಒಲೆಯಲ್ಲಿ ಕಾಯಿಸಿ ಚುಚ್ಚಬೇಕು. ಚುರ್ ಎಂದು ಹೊಗೆ ಬಂದು ಮನೆಯೆಲ್ಲ ಬಾಣಂತಿ ಕೋಣೆಯ ವಾಸನೆಯಾಯಿತು. ಅಮ್ಮ ಎದ್ದು ಹಿತ್ತಿಲಿಗೆ ಹೋದರು. ನಾನು ಚುಚ್ಚಿ ಕೊಟ್ಟೆ, ಅವಳು ಪೋಣಿಸಿದಳು, ಒಂದು ಬಜೆ, ಒಂದು ಕರಿಮಣಿ.

"ಎಷ್ಟು ದೊಡ್ದು ಮಾಡ್ಬೇಕತ್ತೆ?"

ನಾನು ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಉಂಗುರದ ಹಾಗೆ ಮಾಡಿ ತೋರಿಸಿದೆ. ಯೋಚಿಸಲಿಲ್ಲ. ಅವಳು ದಾರವನ್ನು ನನ್ನ ಬೆರಳುಗಳ ಒಳಗೆ ಸುತ್ತಿಟ್ಟು ಅಳತೆ ತೆಗೆದುಕೊಂಡಳು. ಸಂಜೆಗೆ ಎರಡು ಬಳೆ ಆದವು. ಡೈರಿಯಲ್ಲಿ ಬರೆದೆ: "ಬಜೆ ಬಳೆ ಒಂದು ಜೊತೆ. ಚೆನ್ನಾಗಿ ಬಂದಿದೆ."

ಭಾನುವಾರ ಬೆಳಿಗ್ಗೆ ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ಜಾವಗಲ್ಲಿಗೆ ಹೋದೆವು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಹಾರನಹಳ್ಳಿಯ ಅಕ್ಕ ಮುಂದೆ ಮಣೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಬಂದು, ಮೆಲ್ಲಗೆ, "ಬಾ ಅಂತ ಫೋನ್ ಬಂತು ಕಣೇ, ಬಂದೆ. ನಂಗೇನೂ ಗೊತ್ತಿಲ್ಲ," ಎಂದಳು. ನಾನು ಪರವಾಗಿಲ್ಲ ಎಂದು ಗೋಡೆಯ ಪಕ್ಕ ಕೂತೆ. ಯಾರೋ ಪಾನಕ ಕೊಟ್ಟರು. ಕುಡಿದೆ.

ಅತ್ತಿಗೆ ಮಗುವನ್ನು ತಂದು ಅಕ್ಕನ ತೊಡೆಯ ಮೇಲೆ ಮಲಗಿಸಿದರು. ಅಮ್ಮ ತಟ್ಟೆಯಲ್ಲಿ ಬಳೆ ಇಟ್ಟುಕೊಟ್ಟರು. ಅಕ್ಕ ಒಂದನ್ನು ತೆಗೆದು ಮಗುವಿನ ಕೈಗೆ ಸುತ್ತಿದಳು. ದಾರದ ಎರಡು ತುದಿ ಒಂದಕ್ಕೊಂದು ಮುಟ್ಟಲಿಲ್ಲ. ಎಳೆದು ನೋಡಿದಳು. ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಇನ್ನೊಂದು ಕೈಗೂ ಹಾಗೇ ಆಯಿತು.

"ಇದ್ಯಾವ ಗೊಂಬೆಗೆ ಮಾಡಿದ್ರಿ?" ಎಂದು ಅಕ್ಕ ನಕ್ಕಳು. ಕೆಲವರು ಜೊತೆಗೆ ನಕ್ಕರು. ಅತ್ತಿಗೆಯ ತಾಯಿ ನಗಲಿಲ್ಲ.

"ಅಳತೆ ತಗೊಂಡಿದ್ದು ಯಾರು?" ಎಂದರು ಅತ್ತಿಗೆ.

"ಅತ್ತೆ ತೋರಿಸ್ತು," ಎಂದಳು ಸೊಸೆ. "ಹಿಂಗೆ." ಎರಡು ಬೆರಳು ಸೇರಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಆಗ ನನಗೆ ತಿಳಿಯಿತು. ಜೂನ್‌ನಲ್ಲಿ ನರ್ಸ್ ಬಟ್ಟೆ ಸುತ್ತಿ ತೋರಿಸಿದಾಗ ಒಂದು ಕೈ ಹೊರಗಿತ್ತು. ಅದರ ಮಣಿಕಟ್ಟನ್ನು ನಾನು ಎರಡು ಬೆರಳಲ್ಲಿ ಹಿಡಿದಿದ್ದೆ. ಮೂರೂವರೆ ಕೆಜಿ ಎಂದು ಅಣ್ಣ ಹೇಳಿದ್ದರೂ, ಮಗುವಿನ ಕೈ ಎಂದೊಡನೆ ಬೆರಳಿಗೆ ನೆನಪಿದ್ದದ್ದು ಆ ಒಂದು ಅಳತೆ.

ಅತ್ತಿಗೆ ಮಗಳ ಬೆರಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಬಗ್ಗಿ ಅಕ್ಕನ ತೊಡೆಯಿಂದ ಮಗುವನ್ನು ಎತ್ತಿಕೊಂಡು, ಹೆಂಗಸರ ನಡುವೆ ದಾಟಿ ಬಂದು, ನನ್ನ ತೊಡೆಯ ಮೇಲೆ ಇಟ್ಟರು.

"ಈಗ ಸರಿಯಾಗಿ ಅಳತೆ ತಗೋ."

"ಹೊತ್ತಾಯ್ತದೆ ಕಣೇ," ಎಂದರು ಅವರ ತಾಯಿ. "ಉಡಿದಾರ ಮೊದ್ಲು ಅವಳು ಕಟ್ಲಿ, ಬಳೆ ಆಮ್ಯಾಲ್ ನೋಡಾನ."

"ಆಗ್ಲಿ ಬಿಡವ್ವ. ಸೋದರತ್ತೆ ಇಲ್ಲೇ ಕೂತವ್ಳೆ. ಎಲ್ಲಾ ಅವಳೇ ಕಟ್ತಾಳೆ."

"ಅದಲ್ಲ ಕಣೇ..."

"ನನ್ ಮಗೀಗೆ ಜ್ವರ ಬಂದ್ರೆ ನಾನ್ ನೋಡ್ಕತೀನಿ."

ನಾನು ಬಳೆಗಳ ಗಂಟು ಬಿಚ್ಚಿ ತುಂಡುಗಳನ್ನು ತಟ್ಟೆಗೆ ಸುರಿದೆ. ಹೊಸ ದಾರದಿಂದ ಮಗುವಿನ ಮಣಿಕಟ್ಟು ಅಳೆದೆ. ಅಲ್ಲಿ ಮಡಿಕೆ ಇತ್ತು, ದಾರ ಮಡಿಕೆಯೊಳಗೆ ಹೂತುಹೋಗುತ್ತಿತ್ತು. ಎರಡು ಬಳೆಯ ಬಜೆ ಸೇರಿಸಿದರೂ ಒಂದು ಬಳೆ ಪೂರ್ತಿಯಾಗಿ ಇನ್ನೊಂದು ಅರ್ಧಕ್ಕೆ ನಿಂತಿತು. ಅದಕ್ಕೆ ಬಜೆ ಸಾಲಲಿಲ್ಲ.

ಅತ್ತಿಗೆಯ ತಾಯಿ ಒಳಗೆ ಹೋದರು. ಸಿಟ್ಟು ಮಾಡಿಕೊಂಡರು ಎಂದುಕೊಂಡೆ. ಬಂದಾಗ ಒಂದು ಕೈಯಲ್ಲಿ ಮಗುವಿಗೆ ತೇಯುವ ಬಜೆಯ ಕೊಂಬು, ಇನ್ನೊಂದರಲ್ಲಿ ಅಡಕೆ ಕತ್ತರಿ ಇತ್ತು. ನನ್ನ ಎದುರಿಗೆ ಕೂತು ಅವರೇ ಕತ್ತರಿಸತೊಡಗಿದರು.

"ಇಷ್ಟು ಸಾಕೇನವ್ವ, ಇನ್ನೂ ಸಣ್ಣಕ್ಕೆ ಬೇಕಾ?"

"ಸಾಕು," ಎಂದೆ.

ಸೊಸೆ ಒಲೆಯ ಹತ್ತಿರ ಸೂಜಿ ಕಾಯಿಸುವವರ ಮೇಲೆ ಅಧಿಕಾರ ನಡೆಸುತ್ತಿದ್ದಳು. "ಕೆಂಪಗಾಗ್ಬೇಕು, ಇನ್ನೂ ಆಗಿಲ್ಲ, ಇಡಿ."

ಎರಡು ಕೈಗೂ ಬಳೆ ಕಟ್ಟಿದೆ. ಉಡಿದಾರ ಕಟ್ಟಲು ಬಟ್ಟೆ ಬಿಚ್ಚಿದಾಗ ಮಗು ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಹೆಂಗಸರೆಲ್ಲ ನಕ್ಕರು. "ಸೋದರತ್ತೆಗೆ ಬಾಗಿನ ಕೊಟ್ಟ ನೋಡ್ರಿ," ಎಂದಳು ಹಾರನಹಳ್ಳಿಯ ಅಕ್ಕ. ನೆರಿಗೆ ದಾಟಿ ತೊಡೆಗೆ ತಾಗಿತು. ಬಿಸಿ ಎಂದು ಗೊತ್ತಾಯಿತು. ನಾನು ಗಂಟು ಹಾಕಿ, ತುದಿ ಸಮ ಮಾಡಿ, ಮಗುವನ್ನು ತೊಟ್ಟಿಲಿಗೆ ಇಳಿಸಿದೆ. ಅತ್ತಿಗೆಯ ತಾಯಿ ಮೊದಲ ಕುಂಕುಮ ನನಗೇ ಕೊಟ್ಟರು. ನನಗೆ ಸಂತೋಷವಾಯಿತೇ ಎಂದು ರಾತ್ರಿ ಡೈರಿ ತೆರೆದು ಯೋಚಿಸಿದ್ದುಂಟು. ಆಗಲಿಲ್ಲ. ಅಮ್ಮನಿಗೆ ಆಯಿತು, ಅದು ಕಾಣುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟು, ನಾನೂ ಸೊಸೆಯೂ ಹಿಂದೆ. ಊರು ದಾಟಿದ ಮೇಲೆ ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಅತ್ತೆ, ನಿನ್ ಪಾಪೂದು ಕೈ ಅಷ್ಟೇ ಇತ್ತಾ?"

ನಾಲ್ಕು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ.

"ಹೂಂ. ಅಷ್ಟೇ ಇತ್ತು."

"ಬೆರಳೆಲ್ಲ ಇದ್ವಾ?"

"ಎಲ್ಲ ಇದ್ದವು."

"ಉಗುರು?"

"ಅದೂ ಇತ್ತು."

ಅಮ್ಮ ಹಿಂದೆ ತಿರುಗಲಿಲ್ಲ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಅವರನ್ನು ಎರಡು ಸಲ ಕೇಳಬೇಕಾಯಿತು.

ಸೊಸೆ ಕೇಳಿದ್ದು ಸಾಕೆಂದು ಕಿಟಕಿಯ ಕಡೆ ತಿರುಗುತ್ತಿದ್ದಳು. "ಕೂದಲು ತುಂಬಾ ಇತ್ತು," ಎಂದೆ ನಾನೇ. "ಒದ್ದೆಯಾಗಿ ಹಣೆಗೆಲ್ಲ ಅಂಟಿಕೊಂಡಿತ್ತು."