ಬೋರಲು ಬಿದ್ದ ಹೆಸರಿನ ಕಲ್ಲು

ಹೊಸ ಕೋಣೆಯ ಉದ್ಘಾಟನೆಗೆ ಬಂದವರೆಲ್ಲ ಹೌಹಾರಿದೆವು. ಗೋಡೆಗೆ ಕೂಡಿಸಲು ತಂದಿಟ್ಟಿದ್ದ ದಾನಿಯ ಹೆಸರಿನ ಕಲ್ಲನ್ನು ನನ್ನ ಮಗಳು ಶಾಂತಾ ಎಳೆದೊಯ್ದು, ನೆಲಕ್ಕೆ ಹಾಸಿದ ಫರ್ಸಿ ಕಲ್ಲುಗಳಲ್ಲಿ ಒಂದು ಕಡಿಮೆಬಿದ್ದಿದ್ದ ಜಾಗದಲ್ಲಿ ಬೋರಲು ಕೂಡಿಸಿಬಿಟ್ಟಿದ್ದಳು. ಕೆತ್ತಿದ ಹೆಸರು ಮಣ್ಣಿನಡಿ ಹೋಯಿತು. ಡಾಕ್ಟರು ಆಟಿಸಂ ಇದೆ ಎನ್ನುವ ಶಾಂತಾಳಂಥ ಮಕ್ಕಳ ಕಲಿಕೆಗೆಂದು ಶಹಾಬಾದಿನಲ್ಲಿ ಆ ಕೋಣೆ ಕಟ್ಟಿಸಿಕೊಟ್ಟ ಕಲ್ಲಿನ ವ್ಯಾಪಾರಿ, ನಾವೆಲ್ಲ ಚಾಚಾ ಎಂದು ಕರೆಯುವವರು, ಎದುರಿಗೇ ನಿಂತಿದ್ದರು.

ನಾನು ಗಾಬರಿಯಿಂದ ಕಲ್ಲು ಕೀಳಲು ಬಾಗಿದೆ. “ತೆಗೀಬ್ಯಾಡ ತಂಗಿ, ಭಾಳ ಛಲೋ ಕೂಡಿಸ್ಯಾಳ,” ಎಂದರು ಚಾಚಾ. ಯಾರನ್ನೂ ಹತ್ತಿರ ಸೇರಿಸದ ಶಾಂತಾ ಅವರ ಕೈ ಹಿಡಿದು ಎಳೆದು, ಆ ಕಲ್ಲಿನ ಮೇಲೆ ನಿಲ್ಲಿಸಿದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಈ ಕೋಣೆ ಯಾರು ಕೊಟ್ಟರೆಂದು ಬಂದವರು ಕೇಳಿದರೆ, ಶಾಂತಾ ಈಗಲೂ ಹೋಗಿ ಆ ಕಲ್ಲಿನ ಮೇಲೆ ನಿಲ್ಲುತ್ತಾಳೆ.