ರೈಲಿನ ಬಾಗಿಲಲ್ಲಿ ಮಾರೆಪ್ಪನ ಬೆನ್ನು

ಧರೂರಿನ ಕುರುಬರ ಪೆಂಟಮ್ಮ ತನ್ನ ಬಳೆ ಉಳಿಸಿಕೊಳ್ಳಲು ಗದ್ವಾಲದ ಫೋಟೋ ಅಂಗಡಿಗೆ ಬಂದಿದ್ದಳು. ಪೊಲೀಸ್ ಕಾರ್ಯಾಚರಣೆ ಮುಗಿದ ವಾರ ಬಂದೂಕಿನ ಸಿಪಾಯಿಗಳು ಅವಳ ಗಂಡ ಮಾರೆಪ್ಪನನ್ನು ನಿಜಾಮನ ಕಡೆಯ ರಜಾಕಾರನೆಂದು ತಪ್ಪು ತಿಳಿದು ಹಿಡಿದೊಯ್ದಿದ್ದರು. ಅವನನ್ನು ಅಡವಿಯಲ್ಲೇ ಕೊಂದರೆಂದು ಮೈದುನ ಜಂಬಪ್ಪ ಊರೆಲ್ಲ ಹೇಳಿದ್ದ. ಅತ್ತಿಗೆಯ ಬಳೆ ಒಡೆಸಿದರೆ ಕುರಿಹಿಂಡು ಅವನದಾಗುತ್ತಿತ್ತು.

ಹಾಗೆ ಹಿಡಿದವರನ್ನು ಸಾಗಿಸಿದ ರೈಲಿನ ಫೋಟೋ ತೆಗೆದಿದ್ದ ಅಂಗಡಿಯ ವಾಮನರಾಯರು ಮೂರು ಪಟ ಹಾಸಿದರು. ಮೂರರಲ್ಲೂ ಅದೇ ಇಂಜಿನ್, ಅದೇ ಹೊಗೆ, ಕಿಟಕಿ ತುಂಬ ಕಂಗಾಲು ಮುಖಗಳು.

"ಈ ಮೂರನೇದು ಕೆಟ್ಟೈತಿ. ಬಾಗಿಲಾಗ ಯಾವನೋ ಬೆನ್ನು ಮಾಡಿ ನಿಂತಾನ," ಎಂದು ರಾಯರು ಅದನ್ನು ಬದಿಗೆ ಸರಿಸಿದರು.

ಪೆಂಟಮ್ಮ ಕಸಿದುಕೊಂಡಳು. ಆ ಬೆನ್ನಿನ ಕರಿ ಕಂಬಳಿಗೆ ಅವಳೇ ಬಿಳಿ ಉಣ್ಣೆಯಲ್ಲಿ ಹಾಕಿದ ತೇಪೆಯಿತ್ತು.

ಅವಳ ಹಿಂದೆಯೇ ಬಂದಿದ್ದ ಜಂಬಪ್ಪ ನಕ್ಕ. "ಮುಖಾನ ಇಲ್ಲ, ಹೆಂಗ ಗುರುತು ಹಿಡದಿ ಅತ್ತಿಗಿ?"

"ಕುರುಬರ ಹೊಟ್ಯಾಗ ಹುಟ್ಟೀಯೇನೋ ನೀ? ಕುರಿ ಹೊಡಕೊಂಡು ದೂರ ಹೊಂಟಾಂವ ಮನಿ ಕಡಿ ಹೊಳ್ಳಿ ನೋಡಿದ್ರ ತಿರುಗಿ ಬರಂಗಿಲ್ಲಂತ ನಿಮ್ಮವ್ವನ ಹೇಳ್ತಿದ್ಲು. ಬರಬೇಕಂತನ ಬೆನ್ನು ಮಾಡ್ಯಾನ!"

ಅವಳ ಸಿಟ್ಟು ಪಟದಲ್ಲಿದ್ದವನ ಮೇಲೂ ಹರಿಯಿತು. "ಬೇಡಿ ಹಾಕಿದಾಗೂ ಶಾಸ್ತ್ರ ಬೇಕಿತ್ತೇನೋ ಹುಚ್ಚಾ? ಒಂದು ಸಲ ಮುಖ ತೋರಿಸಿದ್ರ ನಾ ಈ ನಾಯಿ ಬಾಯಿಗೆ ಬೀಳ್ತಿದ್ದಿಲ್ಲ." ಹೇಳುತ್ತಲೇ ಬೆರಳಿಂದ ಆ ತೇಪೆ ಸವರಿದಳು.

"ರಾಯರ, ಇವರನ್ನ ಎಲ್ಲಿ ಇಳಿಸ್ಯಾರ್ರಿ?"

"ಪಾಲಮೂರ ಸ್ಟೇಷನ್ನಾಗಂತ ಕೇಳೀನಮ್ಮ."

ಪಟವನ್ನು ಕುಪ್ಪಸದೊಳಗೆ ಸೇರಿಸಿ ಅವಳು ಮೈದುನನ ಕಡೆ ತಿರುಗಿದಳು. "ನಾ ಅವನ್ನ ಕರಕೊಂಡು ಬರೂತನಕ ಕುರಿ ಕಾಯಿ. ಒಂದು ಮರಿ ಕಡಿಮಿ ಆದ್ರ ನಿನ್ನ ಕೈ ಮುರೀತೀನಿ."

ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡು ಸ್ಟೇಷನ್ ಕಡೆ ನಡೆದಳು.