ನೂರೈವತ್ತು ಗೆರಟೆ ಮತ್ತು ನನ್ನ ಮುಷ್ಟಿ

ಇಪ್ಪತ್ತು ಕೋಳಿಮರಿ ನಮ್ಮ ಮನೆಗೆ ಬರುವುದು ಖಾತ್ರಿಯಾಯಿತು! ಮೊಮ್ಮಗಳು ಗೆದ್ದಳು, ನಾನು ಸಿಕ್ಕಿಬಿದ್ದೆ. ಎರಡಕ್ಕೂ ನನಗೆ ಒಂದೇ ಸಮ ಖುಷಿ. ನಾವುಂದದ ಪೇಟೆಯಲ್ಲಿ ಕಂಡವರಿಗೆಲ್ಲ ಹೇಳಿದ್ದಾಯಿತು, ಇನ್ನು ಬರೆದೂ ಇಡುತ್ತೇನೆ.

ಮೊಮ್ಮಗಳು ಹೈಸ್ಕೂಲಿನವಳು. ಮನೆಯಲ್ಲಿರುವ ಹದಿನಾಲ್ಕು ಕೋಳಿ ಸಾಲದು, ಇನ್ನೂ ಇಪ್ಪತ್ತು ಮರಿ ಬೇಕು ಎಂದು ಹಟ ಹಿಡಿದಳು. ಅವಳ ತಾಯಿ, ಅಂದರೆ ನಮ್ಮ ಸೊಸೆ, ಒಪ್ಪಲಿಲ್ಲ. ಹಿಂದೊಮ್ಮೆ ಅಂದಾಜಿನ ಮೇಲೆ ಮರಿ ತಂದು, ಕೊನೆಗೆ ಊಟದ ಅಕ್ಕಿಯನ್ನೇ ಅವಕ್ಕೆ ಸುರಿದಿದ್ದೆವು. ಹಾಗಾಗಿ ಒಂದು ಷರತ್ತು ಹಾಕಿದಳು: ಈ ಹದಿನಾಲ್ಕಕ್ಕೆ ಒಂದು ತಿಂಗಳಿಗೆ ಎಷ್ಟು ತಿನಿಸು ಬೇಕೆಂದು ಮೊದಲೇ ಹೇಳಬೇಕು. ಮೂವತ್ತನೆಯ ದಿನ ಸಂಜೆ ಡ್ರಮ್ಮು ಖಾಲಿಯಾಗಿರಬೇಕು. ಕಡಿಮೆ ಬಿದ್ದರೂ ಉಳಿದರೂ ಮರಿ ಇಲ್ಲ.

ಹುಡುಗಿ ಒಂದು ವಾರ ಅಂಗಳದಲ್ಲೇ ಕೂತಳು. ತೆಂಗಿನ ಗೆರಟೆಯಲ್ಲಿ ಅಳೆದು ತೌಡು, ನುಚ್ಚು ಹಾಕಿದಳು. ಕೋಳಿಗಳು ಬಿಟ್ಟುಹೋದದ್ದನ್ನು ಗುಡಿಸಿ ಮತ್ತೆ ಅಳೆದಳು. ಹೊರಗೆ ಹುಳಹುಪ್ಪಟೆ ಹೆಕ್ಕುವ ಕೋಳಿಗಳಿಗೆ ದಿನಕ್ಕೆ ಐದು ಗೆರಟೆ ಸಾಕು ಎಂದು ತೀರ್ಮಾನಿಸಿದಳು. ನೂರೈವತ್ತು ಗೆರಟೆ ಎಣಿಸಿ ಡ್ರಮ್ಮಿಗೆ ತುಂಬಿದಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅವಳ ಲೆಕ್ಕದ ತಂಟೆಗೆ ಹೋಗಬಾರದಿತ್ತು. ಆದರೆ ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಈ ಕೋಳಿಗಳು ಬಂದು, ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ ನೋಡುತ್ತವೆ. ಹಾಗೆ ನೋಡಿಸಿಕೊಂಡು ಸುಮ್ಮನಿರಲು ನನ್ನಿಂದ ಆಗದು. ಡ್ರಮ್ಮಿನಿಂದ ದಿನಕ್ಕೊಂದು ಮುಷ್ಟಿ ಹಾಕಿದೆ. ಒಂದು ಮುಷ್ಟಿಯಲ್ಲಿ ಏನು ಮಹಾ!

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಡ್ರಮ್ಮಿಗೆ ಇಣುಕಿದೆ. ತಿನಿಸು ತಳ ಹತ್ತಿತ್ತು, ಹುಡುಗಿಯ ಮರಿಗಳು ಹೋದವು ಎಂದೇ ಲೆಕ್ಕ. ಮನೆಯವಳು ಕಡುಬಿಗೆಂದು ತೆಗೆದಿಟ್ಟ ನುಚ್ಚನ್ನು ಅದೇ ಗೆರಟೆಯಲ್ಲಿ ಹತ್ತು ಸಲ ತಂದು ಸುರಿದು, ಕೈಯಾಡಿಸಿಬಿಟ್ಟೆ. ಹತ್ತು ಯಾಕೆ ಎಂದರೆ ಗೊತ್ತಿಲ್ಲ, ಒಳ್ಳೆಯ ಸಂಖ್ಯೆ ಅನ್ನಿಸಿತು.

ಮೂವತ್ತನೆಯ ಸಂಜೆ ಸೊಸೆ ಡ್ರಮ್ಮನ್ನು ಅಕ್ಕಿ ಕೇರುವ ಗೆರಸೆಯ ಮೇಲೆ ಬಗ್ಗಿಸಿದಳು. ಮೂರು ಗೆರಟೆ ಉಳಿದಿತ್ತು. ಲೆಕ್ಕ ತಪ್ಪಿತು ಎಂದಳು. ಹುಡುಗಿಯ ಕಣ್ಣು ಮಾತ್ರ ಗೆರಸೆಯ ಮೇಲೇ ಇತ್ತು. ಬಗ್ಗಿ ನಾಲ್ಕು ಬಿಳಿ ಕಾಳು ಹೆಕ್ಕಿದಳು.

"ನಾ ಹಾಕಿದ್ದ್ ಪೂರಾ ಕುಚ್ಚಲಕ್ಕಿ ನುಚ್ಚ್. ಈ ಬೆಳ್ತಿಗಿ ನುಚ್ಚ್ ಎಲ್ಲಿಂದ ಬಂತ್, ಅಜ್ಜಯ್ಯ?"

ಕುಚ್ಚಲಕ್ಕಿ ಕೆಂಪು, ಬೆಳ್ತಿಗೆ ಬಿಳಿ. ನನ್ನ ಬುದ್ಧಿಗೆ ಅಷ್ಟೂ ಹೊಳೆದಿರಲಿಲ್ಲ.

"ಮಧ್ಯಾಹ್ನ ಒಂದೊಂದ್ ಮುಷ್ಟಿ ಹಾಕ್ತಿದ್ದೆ ಮಗಾ. ಅವು ಹಾಂಗೆ ಬಂದ್ ನಿಂತ್ರೆ ನಾ ಎಂತ ಮಾಡೂದ್?" ಎಂದು ಶುರುಮಾಡಿ, ಹತ್ತು ಗೆರಟೆಯ ಕಥೆಯನ್ನೂ ಕಕ್ಕಿದೆ.

ಅವಳು ಬೈಯಲಿಲ್ಲ. ನನ್ನನ್ನು ಕೂರಿಸಿ, ಮುಷ್ಟಿ ತುಂಬಿ ಗೆರಟೆಗೆ ಹಾಕಿಸಿದಳು. ನಾಲ್ಕು ಮುಷ್ಟಿಗೆ ಒಂದು ಗೆರಟೆ. ನಾನು ಬೈಂದೂರಿಗೆ ಮದುವೆಗೆಂದು ಹೋದ ಎರಡು ದಿನ ಕಳೆದರೆ ಇಪ್ಪತ್ತೆಂಟು ಮುಷ್ಟಿ, ಅಂದರೆ ಏಳು ಗೆರಟೆ ನಾನು ಕದ್ದದ್ದು. ಹತ್ತು ಸುರಿದದ್ದು. ಹತ್ತರಲ್ಲಿ ಏಳು ಹೋದರೆ ಮೂರು, ಗೆರಸೆಯಲ್ಲಿ ಉಳಿದದ್ದೂ ಮೂರೇ. ಅವಳ ನೂರೈವತ್ತು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸೊಸೆ ನಗು ತಡೆದುಕೊಂಡು ಮರಿ ತರಲು ಒಪ್ಪಿದಳು: "ಮರಿ ತಪ್ಪ. ಆದ್ರೆ ಮಾವ, ಇನ್ನ್ ನಿಮ್ಮ್ ಮುಷ್ಟಿಯೂ ಲೆಕ್ಕಕ್ಕೆ ಸೇರ್ಕ್."

ಆ ಸಂಜೆ ಮಗ ಕೋಡಿಯ ಕಡಲತೀರದಿಂದ ಬಂಗುಡೆ ಮೀನು ತಂದಿದ್ದ. ಎಲ್ಲರೂ ಅಡುಗೆಮನೆಯಲ್ಲೇ ಸಾಲಾಗಿ ಕೂತೆವು. ಹೊಸ ಗೂಡು ಬಾವಿಯ ಹತ್ತಿರವೋ ದನದ ಹಟ್ಟಿಯ ಪಕ್ಕವೋ ಎಂದು ಜಗಳವಾಡುತ್ತಲೇ ಸಾರು ಎರಡೆರಡು ಸಲ ಹಾಕಿಸಿಕೊಂಡೆವು. ಕಡುಬು ತಪ್ಪಿದ ಸಿಟ್ಟಿಗೆ ಮನೆಯವಳು ನನಗೆ ಬಾಲದ ತುಂಡನ್ನೇ ಬಡಿಸಿದಳು. ಅದನ್ನೂ ಚೀಪಿ ಚೀಪಿ ತಿಂದೆ.